ಅಳೆದು ತೋರಿಸಿದರೆ ಸಾಲದು

ಜೂನ್ ಮೊದಲ ವಾರ, ಒಂಬತ್ತನೇ ತರಗತಿ. ನೆನೆದ ಚೀಲಗಳು ಗೋಡೆಗೆ ಒರಗಿವೆ. ಹೊಸ ಕಂಪಾಸ್ ಬಾಕ್ಸುಗಳನ್ನು ತೆರೆದು ಮುಚ್ಚುವ ಸದ್ದು ಇನ್ನೂ ನಿಂತಿಲ್ಲ. ಮೇಷ್ಟ್ರು ಕರಿಹಲಗೆಯ ಮೇಲೊಂದು ತ್ರಿಭುಜ ಬರೆದು, ಅದರ ಎರಡು ಬಾಹುಗಳ ಮೇಲೆ ಒಂದೊಂದು ಚಿಕ್ಕ ಗೀಟು ಹಾಕುತ್ತಾರೆ. ಅವೆರಡೂ ಸಮ ಎಂದರ್ಥ. ‘ಹಾಗಾದ್ರೆ ಕೆಳಗಿನ ಎರಡು ಕೋನಗಳೂ ಸಮವಾಗಿರಬೇಕು. ಹೌದೋ ಅಲ್ವೋ?’

ಮುಂದಿನ ಬೆಂಚಿನ ಹುಡುಗಿ ತಡಮಾಡುವುದಿಲ್ಲ. ನೋಟ್ ಪುಸ್ತಕದಲ್ಲಿ ಚಿತ್ರ ಬರೆದು, ಕೋನಮಾಪಕ ಇಟ್ಟು, ‘ಹೌದು ಸರ್, ಎರಡೂ ಐವತ್ತು ಡಿಗ್ರಿ’ ಎನ್ನುತ್ತಾಳೆ. ಹಿಂದಿನಿಂದ ಇನ್ನೊಬ್ಬ, ‘ನಂಗೆ ಐವತ್ತು, ಐವತ್ತೆರಡು ಬಂತು ಸರ್’. ನಗು. ಮೇಷ್ಟ್ರು ಇಬ್ಬರನ್ನೂ ಕೂರಿಸುತ್ತಾರೆ. ‘ಅಳೆಯೋದು ಬೇಡ. ಯಾಕೆ ಸಮ ಅಂತ ಹೇಳಿ.’

ತರಗತಿ ತಣ್ಣಗಾಗುತ್ತದೆ. ಅಳೆಯಬಾರದೆಂದರೆ ಈ ಪೆಟ್ಟಿಗೆಯಾದರೂ ಯಾಕೆ ಎಂಬ ಪ್ರಶ್ನೆ ನಲವತ್ತು ಮುಖಗಳ ಮೇಲೂ ಇರುತ್ತದೆ. ಎಂಟನೇ ತರಗತಿಯವರೆಗೆ ಗಣಿತದಲ್ಲಿ ಚುರುಕಾಗಿದ್ದ ಮಕ್ಕಳು ರೇಖಾಗಣಿತದ ಮುಂದೆ ದಿಢೀರನೆ ಮಂಕಾಗುವುದು ಇಲ್ಲಿಂದಲೇ. ಮನೆಯವರು ಬುದ್ಧಿ ಸಾಲದು ಎಂದುಕೊಳ್ಳುತ್ತಾರೆ, ಟ್ಯೂಷನ್ ಹುಡುಕುತ್ತಾರೆ. ಆಟದ ನಿಯಮವೇ ಬದಲಾಗಿದೆ ಎಂದು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಉತ್ತರ ಗೊತ್ತು, ಕಾರಣ ಬೇಕು

ಆರು, ಏಳನೇ ತರಗತಿಗಳ ರೇಖಾಗಣಿತದಲ್ಲಿ ಆಕೃತಿಗಳನ್ನು ಗುರುತಿಸಬೇಕು, ಅಳೆಯಬೇಕು, ಸೂತ್ರಕ್ಕೆ ಬೆಲೆ ಹಾಕಿ ವಿಸ್ತೀರ್ಣ ಕಂಡುಹಿಡಿಯಬೇಕು. ಕೊನೆಗೆ ಬರುವುದು ಒಂದು ಸಂಖ್ಯೆ. ಅದು ಸರಿ ಅಥವಾ ತಪ್ಪು. ಒಂಬತ್ತಕ್ಕೆ ಬಂದಾಗ ಉತ್ತರವನ್ನು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ‘ಸಮ ಎಂದು ಸಾಧಿಸಿ.’ ಸಂಖ್ಯೆ ಹುಡುಕಿ ಅಭ್ಯಾಸವಾದ ಮಗುವಿಗೆ ಇಲ್ಲಿ ಹುಡುಕಲು ಏನೂ ಉಳಿದಿಲ್ಲ ಅನ್ನಿಸುತ್ತದೆ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನೇ ನೋಡಿ. ಚಿಕ್ಕ ತರಗತಿಯಲ್ಲಿ ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕ ಜೋಡಿಸಿ, ‘ನೋಡಿ, ನೆಟ್ಟಗೆ ಬಂತು’ ಎಂದು ತೋರಿಸಿರುತ್ತಾರೆ. ಚೆಂದದ ಚಟುವಟಿಕೆ. ಆದರೆ ಮೊತ್ತ 179 ಡಿಗ್ರಿ ಆಗಿದ್ದಿದ್ದರೂ ಆ ಕಾಗದದ ಚೂರುಗಳು ಹೆಚ್ಚುಕಡಿಮೆ ನೆಟ್ಟಗೇ ಕೂರುತ್ತಿದ್ದವು, ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕೋನಮಾಪಕದಲ್ಲಿ ಅಳೆದವರಿಗೆ ಒಮ್ಮೆ 178, ಒಮ್ಮೆ 182 ಬರುತ್ತದೆ. ಜಾಣ ಮಕ್ಕಳು ಸದ್ದಿಲ್ಲದೆ ಮೂರನೇ ಕೋನವನ್ನು ‘ಸರಿಮಾಡಿ’ ಬರೆದುಬಿಡುತ್ತಾರೆ.

ಒಂಬತ್ತನೇ ತರಗತಿ ಇದನ್ನೇ ಬೇರೆ ದಾರಿಯಲ್ಲಿ ಹೇಳುತ್ತದೆ. ತ್ರಿಭುಜದ ಮೇಲಿನ ಶೃಂಗದ ಮೂಲಕ, ಪಾದಕ್ಕೆ ಸಮಾಂತರವಾಗಿ ಒಂದು ರೇಖೆ ಎಳೆಯಿರಿ. ಈಗ ಕೆಳಗಿನ ಎಡಕೋನಕ್ಕೆ ಸಮನಾದ ಕೋನವೊಂದು ಮೇಲೆ ಎಡಗಡೆ ಇದೆ, ಏಕೆಂದರೆ ಅವು ಪರ್ಯಾಯ ಕೋನಗಳು. ಬಲಗಡೆಯೂ ಹಾಗೆಯೇ. ಮೇಲಿನ ಬಿಂದುವಿನಲ್ಲಿ ಮೂರೂ ಕೋನಗಳು ಸಾಲಾಗಿ ಕೂತು ಒಂದು ಸರಳಕೋನವಾದವು. ಹರಿಯಲಿಲ್ಲ, ಅಳೆಯಲಿಲ್ಲ. ಇನ್ನೂ ಯಾರೂ ಬರೆಯದ ತ್ರಿಭುಜಕ್ಕೂ ಈ ಮಾತು ಸಲ್ಲುತ್ತದೆ. ಅಳತೆ ಎಷ್ಟೇ ನಿಖರವಾಗಿದ್ದರೂ ಎದುರಿಗಿರುವ ಒಂದು ತ್ರಿಭುಜದ ಬಗ್ಗೆ ಮಾತ್ರ ಮಾತನಾಡಬಲ್ಲದು.

ಮೆಟ್ಟಿಲು ಹಾರಿದವರು

ಮಕ್ಕಳು ಇಲ್ಲಿ ಎಡವುವುದು ನಮ್ಮೂರಿಗಷ್ಟೇ ಸೀಮಿತವಲ್ಲ. ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲೆ ಇದೇ ಗೋಳನ್ನು ತಮ್ಮ ತರಗತಿಗಳಲ್ಲಿ ಕಂಡು, 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧಗಳನ್ನು ಸಲ್ಲಿಸಿದರು. ರೇಖಾಗಣಿತದ ತಿಳಿವಳಿಕೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ, ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಲಾಗದು ಎಂಬುದು ಅವರ ವಾದ.

ಮೊದಲ ಮೆಟ್ಟಿಲಲ್ಲಿ ಮಗು ನೋಟದಿಂದ ಗುರುತಿಸುತ್ತದೆ. ಚೌಕವನ್ನು ಓರೆಯಾಗಿ ಮೂಲೆಯ ಮೇಲೆ ನಿಲ್ಲಿಸಿದರೆ ಅದು ಚೌಕವಲ್ಲ, ‘ಡೈಮಂಡ್’. ಎರಡನೆಯದರಲ್ಲಿ ಗುಣಗಳು ಕಾಣುತ್ತವೆ: ನಾಲ್ಕು ಬಾಹು ಸಮ, ನಾಲ್ಕೂ ಲಂಬಕೋನ. ಮೂರನೆಯದರಲ್ಲಿ ಗುಣಗಳ ನಡುವಿನ ನಂಟು ಹೊಳೆಯುತ್ತದೆ, ಯಾವುದು ಇದ್ದರೆ ಯಾವುದು ತಾನಾಗಿ ಬರುತ್ತದೆ ಎಂಬುದು. ನಾಲ್ಕನೆಯದು ಸಾಧನೆ ಬರೆಯುವ ಮೆಟ್ಟಿಲು, ಪ್ರೌಢಶಾಲೆ ಕೇಳುವುದು ಇದನ್ನು. ಐದನೆಯದು ಕಾಲೇಜಿನ ಮಾತು, ಬಿಡಿ.

ನಿಮ್ಮ ಮಗು ಎಲ್ಲಿದೆ ಎಂದು ತಿಳಿಯಲು ಪರೀಕ್ಷೆ ಬೇಕಿಲ್ಲ. ಊಟಕ್ಕೆ ಕೂತಾಗ ಕೇಳಿ: ‘ಚೌಕ ಆಯತವೂ ಹೌದಾ?’ ‘ಅದ್ಹೇಗಾಗುತ್ತೆ, ಆಯತ ಉದ್ದಕ್ಕಿರುತ್ತೆ’ ಎಂದರೆ ಇನ್ನೂ ನೋಟದ ಮೆಟ್ಟಿಲು. ‘ಆಯತಕ್ಕೆ ನಾಲ್ಕು ಲಂಬಕೋನ ಬೇಕು, ಚೌಕಕ್ಕೂ ಇದೆಯಲ್ಲ, ಹಾಗಾದ್ರೆ ಹೌದು’ ಎಂದರೆ ಆ ಮಗು ಪ್ರಮೇಯಕ್ಕೆ ಸಿದ್ಧವಾಗಿದೆ. ‘ಹಾಗಾದ್ರೆ’ ಎಂಬ ಪದ ತಾನಾಗಿ ಬಂತೇ ಎಂದು ಕಿವಿಗೊಡಿ, ಅಷ್ಟೇ.

1980ರ ದಶಕದ ಆರಂಭದಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ತಂಡವೊಂದು ಹೈಸ್ಕೂಲಿನ ರೇಖಾಗಣಿತ ತರಗತಿಗಳನ್ನು ಈ ಕಣ್ಣಿನಿಂದ ನೋಡಿತು. ವರ್ಷವಿಡೀ ಸಾಧನೆ ಬರೆಯಲು ಕಲಿತ ಮಕ್ಕಳಲ್ಲಿ ಅದರ ಮೇಲೆ ಹಿಡಿತ ಬಂದಿದ್ದು ಸುಮಾರು ಶೇ 30 ಮಂದಿಗೆ. ವರ್ಷದ ಮೊದಲ ದಿನ ಮಗು ಯಾವ ಮೆಟ್ಟಿಲಲ್ಲಿತ್ತು ಎಂಬುದಕ್ಕೂ ವರ್ಷದ ಕೊನೆಗೆ ಅದು ಎಲ್ಲಿ ತಲುಪಿತು ಎಂಬುದಕ್ಕೂ ಗಟ್ಟಿ ನಂಟಿತ್ತು. ಅಂದರೆ ಒಂಬತ್ತನೇ ತರಗತಿಯ ರೇಖಾಗಣಿತದ ಅರ್ಧ ಫಲಿತಾಂಶ ಆರು, ಏಳು, ಎಂಟರಲ್ಲೇ ಬರೆದಿರುತ್ತದೆ ಎನ್ನಬಹುದು.

ಚುಕ್ಕೆ ಗೆರೆ ಎಲ್ಲಿಂದ ಬಂತು?

ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರಮೇಯವೆಂದರೆ ನಾಲ್ಕು ತಲೆಬರಹ: ದತ್ತ, ಸಾಧನೀಯ, ರಚನೆ, ಸಾಧನೆ. ಕೊಟ್ಟಿದ್ದೇನು, ತೋರಿಸಬೇಕಾದ್ದೇನು, ನಾವಾಗಿ ಸೇರಿಸಿದ್ದೇನು, ಕಾರಣಗಳ ಸರಣಿ ಏನು. ಮೊದಲೆರಡನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದರಲ್ಲಿ ಕೈ ನಿಲ್ಲುತ್ತದೆ.

ಜೂನ್ ತಿಂಗಳ ಆ ತ್ರಿಭುಜಕ್ಕೇ ಹೋಗೋಣ. ಎಬಿ = ಎಸಿ ಎಂದು ಕೊಟ್ಟಿದೆ, ಬಿ ಕೋನ ಸಿ ಕೋನಕ್ಕೆ ಸಮ ಎಂದು ತೋರಿಸಬೇಕು. ಪುಸ್ತಕ ಎ ಕೋನವನ್ನು ಅರ್ಧಿಸುವ ಚುಕ್ಕೆ ಗೆರೆ ಎಳೆದು, ಅದು ಬಿಸಿಯನ್ನು ಡಿಯಲ್ಲಿ ಸೇರುತ್ತದೆ ಎನ್ನುತ್ತದೆ. ಈಗ ಎಬಿಡಿ, ಎಸಿಡಿ ಎಂಬ ಎರಡು ತ್ರಿಭುಜಗಳು. ಎಬಿ = ಎಸಿ, ಅದು ದತ್ತ. ಎ ಬಳಿಯ ಎರಡು ತುಂಡು ಕೋನಗಳು ಸಮ, ಅದು ರಚನೆ. ಎಡಿ ಎರಡಕ್ಕೂ ಸಾಮಾನ್ಯ. ಬಾ.ಕೋ.ಬಾ. (ಬಾಹು-ಕೋನ-ಬಾಹು) ನಿಯಮದಂತೆ ಎರಡೂ ಸರ್ವಸಮ, ಆದ್ದರಿಂದ ಬಿ ಕೋನ = ಸಿ ಕೋನ. ಮುಗಿಯಿತು.

ಓದಿದವರಿಗೆ ಸುಲಭ. ಆದರೆ ಆ ಗೆರೆ ಎಳೆಯಬೇಕೆಂದು ಹೊಳೆದದ್ದು ಹೇಗೆ? ಬಹಳಷ್ಟು ತರಗತಿಗಳಲ್ಲಿ ಇದನ್ನು ಹೇಳುವುದೇ ಇಲ್ಲ. ಮಗುವಿಗೆ ಅದು ಜಾದೂಗಾರನ ಟೋಪಿಯಿಂದ ಬಂದ ಮೊಲ. ಯೋಚನೆ ಓಡುವುದು ಹೀಗೆ: ಎರಡು ಕೋನಗಳು ಸಮ ಎಂದು ತೋರಿಸಲು ನನ್ನ ಕೈಲಿರುವ ಸಾಧನ ಸರ್ವಸಮತೆ. ಅದಕ್ಕೆ ಎರಡು ತ್ರಿಭುಜ ಬೇಕು. ನನ್ನ ಬಳಿ ಇರುವುದು ಒಂದೇ. ಹಾಗಾದರೆ ಇದನ್ನು ಎರಡು ಮಾಡಬೇಕು, ಬಿ ಒಂದರಲ್ಲಿ, ಸಿ ಇನ್ನೊಂದರಲ್ಲಿ ಇರುವಂತೆ. ಚುಕ್ಕೆ ಗೆರೆ ಅಲ್ಲಿಂದ ಬಂತು. ಈ ನಾಲ್ಕು ವಾಕ್ಯಗಳನ್ನು ಗಟ್ಟಿಯಾಗಿ ಹೇಳುವ ಶಿಕ್ಷಕರು ಸಿಕ್ಕ ಮಕ್ಕಳು ಪುಣ್ಯವಂತರು.

ಚುರುಕಿನ ಹುಡುಗಿಯೊಬ್ಬಳು ‘ಬಿಸಿಯ ಮಧ್ಯಬಿಂದುವಿಗೆ ಗೆರೆ ಎಳೆದರೆ ಆಗಲ್ವಾ ಸರ್, ಬಾ.ಬಾ.ಬಾ. ಬರುತ್ತಲ್ಲ’ ಎನ್ನಬಹುದು. ನೋಟಕ್ಕೆ ಸರಿ. ಆದರೆ ಪಠ್ಯದಲ್ಲಿ, ಯೂಕ್ಲಿಡ್‌ನ ಗ್ರಂಥದಲ್ಲಿಯೂ, ಬಾ.ಬಾ.ಬಾ. ನಿಯಮವನ್ನು ಸಾಧಿಸುವುದೇ ಈ ಸಮದ್ವಿಬಾಹು ಪ್ರಮೇಯದ ಬೆನ್ನೇರಿ. ಅದನ್ನು ಇಲ್ಲಿ ಬಳಸಿದರೆ ಸುತ್ತಿ ಬಳಸಿ ಹೊರಟಲ್ಲಿಗೇ ಬಂದಂತೆ. ಯಾವುದರ ನಂತರ ಯಾವುದು ಎಂಬ ಈ ಸರದಿಯ ಶಿಸ್ತು ಬೇರೆ ಯಾವ ಶಾಲಾ ವಿಷಯದಲ್ಲೂ ಇಷ್ಟು ಕಟ್ಟುನಿಟ್ಟಾಗಿಲ್ಲ.

ನಾಲ್ಕನೇ ಶತಮಾನದ ಪಾಪಸ್ ಎಂಬ ಗಣಿತಜ್ಞನಿಗೆ ಚುಕ್ಕೆ ಗೆರೆಯೂ ಬೇಕಾಗಲಿಲ್ಲ. ಎಬಿಸಿ ತ್ರಿಭುಜವನ್ನು ಅದರದೇ ಮಗುಚಿದ ರೂಪವಾದ ಎಸಿಬಿಯೊಂದಿಗೆ ಹೋಲಿಸಿ, ಎರಡೂ ಸರ್ವಸಮ ಎಂದು ಹೇಳಿ ಮುಗಿಸಿದ. ಒಂದೇ ತ್ರಿಭುಜ ಎರಡಾಯಿತು. ಮೊದಲ ಸಲ ಕೇಳಿದಾಗ ಇದು ಮೋಸ ಅನ್ನಿಸುತ್ತದೆ. ಮೋಸ ಎಲ್ಲಿದೆ ಎಂದು ಹುಡುಕಿದವರಿಗೆ ಸಿಗುವುದಿಲ್ಲ.

ಚಿತ್ರವನ್ನು ಎಷ್ಟು ನಂಬಬೇಕು?

‘ಒಂದು ತ್ರಿಭುಜ ಬರಿ’ ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಪಾದ ಮಲಗಿರುವ, ಮೂರು ಬಾಹುಗಳೂ ಹೆಚ್ಚುಕಡಿಮೆ ಸಮವಾಗಿರುವ ತ್ರಿಭುಜವನ್ನೇ ಬರೆಯುತ್ತಾರೆ. ಮುಂದೆ ಎಡವಟ್ಟಾಗುವುದು ಇದರಿಂದಲೇ. ಚಿತ್ರದಲ್ಲಿ ಸಮವಾಗಿ ಕಂಡದ್ದನ್ನು ಸಮ ಎಂದೇ ಬರೆದು, ಯಾರೂ ಕೊಡದ ದತ್ತವನ್ನು ತಾವೇ ಕೊಟ್ಟುಕೊಳ್ಳುತ್ತಾರೆ.

ಅಧಿಕಕೋನ ತ್ರಿಭುಜ ಬರೆದು, ಲಘುಕೋನವಿರುವ ಶೃಂಗದಿಂದ ಎದುರಿನ ಬಾಹುವಿಗೆ ಎತ್ತರ ಎಳೆಯಲು ಹೇಳಿ ನೋಡಿ. ಲಂಬ ಬೀಳುವುದು ತ್ರಿಭುಜದ ಹೊರಗೆ, ಬಾಹುವನ್ನು ಮುಂದಕ್ಕೆ ಬೆಳೆಸಿದ ಗೆರೆಯ ಮೇಲೆ. ಮಕ್ಕಳು ಒಪ್ಪುವುದಿಲ್ಲ. ಎತ್ತರ ಒಳಗೇ ಇರಬೇಕೆಂದು ಹಟ ಹಿಡಿದು, ಲಂಬವಲ್ಲದ ಗೆರೆಯೊಂದನ್ನು ಒಳಗೆ ಎಳೆದು, ಅದರ ಬುಡದಲ್ಲಿ ಲಂಬಕೋನದ ಪುಟ್ಟ ಚೌಕ ಹಾಕಿಬಿಡುತ್ತಾರೆ.

ಪ್ರೌಢಶಾಲೆಯ ಚಿತ್ರದಲ್ಲಿ ಗೀಟು, ಬಾಣ, ಪುಟ್ಟ ಚೌಕ ಹಾಕಿ ಗುರುತಿಸಿದ್ದನ್ನು ಮಾತ್ರ ನಂಬಬೇಕು. ಉಳಿದದ್ದು ಕಣ್ಣಿನ ಭ್ರಮೆಯೂ ಇರಬಹುದು. ಆದ್ದರಿಂದ ಪ್ರಮೇಯಕ್ಕೆ ಚಿತ್ರ ಬರೆಯುವಾಗ ಬೇಕೆಂದೇ ಸೊಟ್ಟ ತ್ರಿಭುಜ ಬರೆಯುವುದು ಒಳ್ಳೆಯ ಅಭ್ಯಾಸ. ಅಂದ ಕಡಿಮೆಯಾಯಿತೆಂದು ಅಂಕ ಹೋಗುವುದಿಲ್ಲ.

ಮೇಸ್ತ್ರಿಯ ಟೇಪು

ಮನೆಗೆ ಪಾಯ ಹಾಕುವ ಮೇಸ್ತ್ರಿ ಮೂಲೆಮಟ್ಟ ನೋಡುವುದನ್ನು ಕಂಡಿದ್ದೀರಿ. ಮೂಲೆಯಿಂದ ಒಂದು ದಾರದ ಗುಂಟ 3 ಅಡಿಗೆ ಗುರುತು, ಇನ್ನೊಂದರ ಗುಂಟ 4 ಅಡಿಗೆ ಗುರುತು. ಅಡ್ಡಲಾಗಿ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ದೊಡ್ಡ ನಿವೇಶನವಾದರೆ 6, 8, 10. ಎಲ್ಲರೂ ಇದನ್ನು ಪೈಥಾಗೊರಸನ ಪ್ರಮೇಯ ಎನ್ನುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಮೇಸ್ತ್ರಿ ಬಳಸುತ್ತಿರುವುದು ಅದರ ವಿಲೋಮವನ್ನು. ಲಂಬಕೋನವಿದ್ದರೆ ಬಾಹುಗಳ ವರ್ಗಗಳು ಹೀಗಿರುತ್ತವೆ ಎಂಬುದು ಪ್ರಮೇಯ. ವರ್ಗಗಳು ಹೀಗಿದ್ದರೆ ಅಲ್ಲಿ ಲಂಬಕೋನವಿದೆ ಎಂಬುದು ವಿಲೋಮ. ಯೂಕ್ಲಿಡ್ ತನ್ನ ಮೊದಲ ಪುಸ್ತಕದ 47ನೆಯದಾಗಿ ಒಂದನ್ನು, 48ನೆಯದಾಗಿ ಇನ್ನೊಂದನ್ನು ಬೇರೆ ಬೇರೆಯಾಗಿ ಸಾಧಿಸಿದ್ದಾನೆ. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ನಿಜವಾಗಬೇಕಿಲ್ಲವಲ್ಲ. ಚೌಕದ ಕರ್ಣಗಳು ಸಮ. ಹಾಗೆಂದು ಕರ್ಣಗಳು ಸಮವಿದ್ದದ್ದೆಲ್ಲ ಚೌಕವಲ್ಲ. ಮಕ್ಕಳು ಈ ಜಾಗದಲ್ಲಿ ಪದೇ ಪದೇ ಜಾರುತ್ತಾರೆ, ದೊಡ್ಡವರ ಜಗಳಗಳಲ್ಲೂ ಇದೇ ತಪ್ಪು ಕೇಳಿಬರುತ್ತದೆ.

ಯಜ್ಞವೇದಿಕೆಗಳ ಅಳತೆಗಾಗಿ ಹುಟ್ಟಿದ ಬೌಧಾಯನ ಶುಲ್ಬಸೂತ್ರದಲ್ಲಿ ಆಯತದ ಕರ್ಣದ ಈ ಗುಣ ಹಗ್ಗದ ಭಾಷೆಯಲ್ಲಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಳ ಲೆಕ್ಕಕ್ಕೇ ಒಂದು ಭಾಗವಿದೆ. 12ನೇ ಶತಮಾನದ ರಾಜಾದಿತ್ಯ ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲೇ ಬರೆದ. ಇವೆಲ್ಲ ಹೊಲ, ಕೆರೆ, ಕಟ್ಟಡಗಳ ಅಳತೆಗೆ ಹತ್ತಿರವಾದ ಪರಂಪರೆ. ಶಾಲೆಯ ಪ್ರಮೇಯಗಳ ಮಾದರಿ ಬಂದದ್ದು ಬೇರೆ ಕಡೆಯಿಂದ, ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿದ್ದ ಯೂಕ್ಲಿಡ್‌ನ 13 ಪುಸ್ತಕಗಳ ಗ್ರಂಥದಿಂದ. ಅದರ ಅರಬ್ಬಿ ರೂಪವನ್ನು 18ನೇ ಶತಮಾನದ ಮೊದಲ ಭಾಗದಲ್ಲಿ ಜೈಪುರದ ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಮ್ರಾಟ್ ‘ರೇಖಾಗಣಿತ’ ಎಂಬ ಹೆಸರಿನಲ್ಲಿ ಸಂಸ್ಕೃತಕ್ಕೆ ತಂದ.

ಯೂಕ್ಲಿಡ್ ಐದು ಆಧಾರ ಪ್ರತಿಜ್ಞೆಗಳನ್ನು ಮಾತ್ರ ಒಪ್ಪಿಕೊಳ್ಳಿ ಎಂದು ಕೇಳಿ ಉಳಿದದ್ದನ್ನೆಲ್ಲ ಅವುಗಳ ಮೇಲೆ ಕಟ್ಟಿದ. ಐದನೆಯದು ಸಮಾಂತರ ರೇಖೆಗಳದ್ದು, ತ್ರಿಭುಜದ 180 ಡಿಗ್ರಿ ನಿಂತಿರುವುದು ಇದರ ಮೇಲೆ. ಅದು ಎಷ್ಟು ಭಾರ ಹೊತ್ತಿದೆ ಎಂದು ನೋಡಲು ಒಂದು ಭೂಗೋಳ ಸಾಕು. ಉತ್ತರ ಧ್ರುವದಿಂದ ಎರಡು ರೇಖಾಂಶಗಳ ಗುಂಟ ಇಳಿದು ಸಮಭಾಜಕ ವೃತ್ತ ಮುಟ್ಟಿ. ಕೆಳಗಿನ ಎರಡು ಕೋನಗಳೇ 90, 90. ಮೇಲಿನದನ್ನು ಸೇರಿಸುವ ಮೊದಲೇ 180 ಆಯಿತು.

ರಜೆಯಲ್ಲಿ ಏನು ಮಾಡಿಸಬಹುದು?

ಎಂಟು ಮುಗಿಸಿದ ಬೇಸಿಗೆಯಲ್ಲೇ ಒಂಬತ್ತರ ಪ್ರಮೇಯಗಳನ್ನು ಬಾಯಿಪಾಠ ಮಾಡಿಸುವ ಕ್ಲಾಸುಗಳಿವೆ. ಆ ದುಡ್ಡು ಉಳಿಸಿ. ಬೇಕಾದ ತಯಾರಿ ಕೈಯದು, ಮಾತಿನದು.

ಮೊದಲು ಕೈವಾರ. ತಿರುಪು ಸಡಿಲವಿದ್ದರೆ ವೃತ್ತ ಆರಂಭಿಸಿದಲ್ಲಿ ಮುಗಿಯುವುದಿಲ್ಲ, ಮಗುವಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗುತ್ತದೆ. ಬಿಗಿ ಮಾಡಿ, ಚಿಕ್ಕ ಪೆನ್ಸಿಲ್ ಹಾಕಿಕೊಡಿ. ವೃತ್ತವೊಂದನ್ನು ಬರೆದು, ಅದೇ ತ್ರಿಜ್ಯದಿಂದ ಪರಿಧಿಯ ಮೇಲೆ ಕಂಸಗಳನ್ನು ಕತ್ತರಿಸುತ್ತ ಹೋದರೆ ಸರಿಯಾಗಿ ಆರಕ್ಕೆ ಮೊದಲ ಬಿಂದು ಸಿಗುತ್ತದೆ. ಹೂವಿನ ಚಿತ್ರಕ್ಕಾಗಿ ಎಲ್ಲ ಮಕ್ಕಳೂ ಇದನ್ನು ಮಾಡಿರುತ್ತಾರೆ. ಏಳಲ್ಲ, ಐದಲ್ಲ, ಆರೇ ಯಾಕೆ ಎಂದು ಕೇಳಿ ಸುಮ್ಮನಿರಿ. ಕೋನಮಾಪಕದ ಎರಡು ಸಾಲು ಅಂಕಿಗಳಲ್ಲಿ ಯಾವುದನ್ನು ಓದಬೇಕು ಎಂಬುದೂ ಈಗಲೇ ತಿಳಿಯಲಿ. 60ರ ಕೋನವನ್ನು 120 ಎಂದು ಓದುವವರು ಹತ್ತನೇ ತರಗತಿಯಲ್ಲೂ ಇದ್ದಾರೆ.

ಆಮೇಲೆ ಕಾಗದ. 1893ರಲ್ಲಿ ಟಿ. ಸುಂದರರಾವ್ ಎಂಬುವರು ಕಾಗದ ಮಡಿಸಿ ರೇಖಾಗಣಿತ ಕಲಿಯುವ ಪುಸ್ತಕವೊಂದನ್ನು ಮದರಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಪ್ರಸ್ತಾಪಿಸಿದ ಮೇಲೆ ಪುಸ್ತಕ ಅಮೆರಿಕದಲ್ಲೂ ಅಚ್ಚಾಯಿತು. ಅಂಥದ್ದೊಂದು ಮಡಿಕೆ ಇಲ್ಲಿದೆ. ಚೌಕ ಹಾಳೆಯನ್ನು ಉದ್ದುದ್ದ ಎರಡಾಗಿ ಮಡಿಸಿ ಬಿಡಿಸಿ, ನಟ್ಟನಡುವೆ ಮೇಲಿನಿಂದ ಕೆಳಗೆ ಗೀರು ಮೂಡಲಿ. ಈಗ ಕೆಳಗಿನ ಬಲಮೂಲೆ ಕದಲದಂತೆ ಒತ್ತಿಹಿಡಿದು, ಕೆಳಗಿನ ಎಡಮೂಲೆಯನ್ನು ಎತ್ತಿ ಆ ಗೀರಿನ ಮೇಲೆ ಕೂರಿಸಿ. ಅದು ಕೂತ ಬಿಂದುವನ್ನು ಕೆಳಗಿನ ಎರಡು ಮೂಲೆಗಳಿಗೆ ಸೇರಿಸಿದರೆ ಸಮಬಾಹು ತ್ರಿಭುಜ. ಬಲಮೂಲೆಯಿಂದ ಆ ಬಿಂದುವಿಗಿರುವ ದೂರ ಚೌಕದ ಬಾಹುವೇ, ಎತ್ತಿದ್ದು ಅದನ್ನೇ ತಾನೆ. ಬಿಂದು ನಡುಗೀರಿನ ಮೇಲಿರುವುದರಿಂದ ಎಡಮೂಲೆಗೂ ಅಷ್ಟೇ ದೂರ. ಕೋನಮಾಪಕವಿಲ್ಲದೆ 60 ಡಿಗ್ರಿ ಸಿಕ್ಕಿತು, ಯಾಕೆಂಬುದೂ ಸಿಕ್ಕಿತು.

ಮಾತಿನ ತಯಾರಿಗೆ ಒಂದು ಆಟವಿದೆ. ಅಕ್ಕ ತಮ್ಮ ಬೆನ್ನಿಗೆ ಬೆನ್ನು ಹಾಕಿ ಕೂರಲಿ. ಅಕ್ಕನ ಕೈಲೊಂದು ಚಿತ್ರ, ತಮ್ಮನ ಕೈಲಿ ಖಾಲಿ ಹಾಳೆ. ಅವಳು ಬರೀ ಮಾತಿನಲ್ಲಿ ಹೇಳಬೇಕು, ಇವನು ಅದನ್ನೇ ಬರೆಯಬೇಕು. ‘ಹಿಂಗೆ ಓರೆ ಇದೆ ನೋಡೋ’ ಎಂಬುದು ಇಲ್ಲಿ ನಡೆಯುವುದಿಲ್ಲ. ‘ಎಬಿಯ ಮಧ್ಯಬಿಂದುವಿನಿಂದ ಸಿಗೆ ಗೆರೆ ಎಳಿ’ ಎಂದೇ ಹೇಳಬೇಕಾಗುತ್ತದೆ. ಎಂಟರವರೆಗೆ ಕನ್ನಡದಲ್ಲಿ ಓದಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳು ಇದನ್ನು ಎರಡೂ ಭಾಷೆಯಲ್ಲಿ ಆಡಿದರೆ ಅವರ ಅರ್ಧ ಹೊರೆ ಇಳಿಯುತ್ತದೆ. ಬೀಜಗಣಿತದ ಸರಳ ಸಮೀಕರಣಗಳೂ ಕೈಗೆ ಹತ್ತಿರವಿರಬೇಕು. ತ್ರಿಭುಜದ ಕೋನಗಳು ಕ್ಷ, 2ಕ್ಷ, 2ಕ್ಷ ಎಂದರೆ ಕ್ಷ 36 ಎಂದು ಬಿಡಿಸಲು ತಡವಾಗಬಾರದು. ಮೊಬೈಲು, ಕಂಪ್ಯೂಟರ್ ಇದ್ದವರಿಗೆ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶವಿದೆ. ತ್ರಿಭುಜದ ಶೃಂಗ ಹಿಡಿದು ಎಳೆದಾಡಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ನೋಡಬಹುದು. ಕೈಯಲ್ಲಿ ನಾಲ್ಕಾರು ಚಿತ್ರ ಬರೆದ ಮೇಲೆ ಅದು ಚೆನ್ನ, ಮೊದಲೇ ಅಲ್ಲ.

ಬಾಯಿಪಾಠದ ಲೆಕ್ಕಾಚಾರ

ಎಸ್‌ಎಸ್‌ಎಲ್‌ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕಗಳದ್ದು, ಪ್ರಮೇಯ ಸಾಧಿಸುವ ಪ್ರಶ್ನೆ ಅದರಲ್ಲಿ ಕಾಯಂ ಅತಿಥಿ. ಬರಬಹುದಾದ ಪ್ರಮೇಯಗಳು ಬೆರಳೆಣಿಕೆಯಷ್ಟು. ಆದ್ದರಿಂದ ಕಣ್ಣುಮುಚ್ಚಿ ಉರು ಹೊಡೆಸುವುದು ಲಾಭದ ವ್ಯವಹಾರದಂತೆ ಕಾಣುತ್ತದೆ. ಚಿತ್ರ, ದತ್ತ, ಸಾಧನೀಯಗಳಿಗೂ ಹಂತಹಂತವಾಗಿ ಅಂಕ ಸಿಗುವುದರಿಂದ ಪಾಸಿನ ಮಟ್ಟಿಗೆ ಅದು ನಡೆಯುತ್ತದೆ ಕೂಡ. ಕಷ್ಟಪಡುತ್ತಿರುವ ಮಗುವಿಗೆ ಮಾರ್ಚ್ ತಿಂಗಳಲ್ಲಿ ಹಾಗೆ ಹೇಳಿಕೊಡುವ ಶಿಕ್ಷಕರನ್ನು ದೂರುವಂತೆಯೂ ಇಲ್ಲ.

ಆದರೆ ಎಬಿಸಿ ಇದ್ದ ಜಾಗದಲ್ಲಿ ಪಿಕ್ಯೂಆರ್ ಹಾಕಿ, ಚಿತ್ರವನ್ನು ಸ್ವಲ್ಪ ತಿರುಗಿಸಿದರೆ ಉರು ಹೊಡೆದದ್ದು ಕುಸಿಯುತ್ತದೆ. ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂಬ ಹತ್ತನೇ ತರಗತಿಯ ಪ್ರಮೇಯ ನಿಂತಿರುವುದು ಲಂ.ವಿ.ಬಾ. (ಲಂಬಕೋನ-ವಿಕರ್ಣ-ಬಾಹು) ಸರ್ವಸಮತೆಯ ಮೇಲೆ. ಅದು ಒಂಬತ್ತರದ್ದು. ಅಲ್ಲಿ ಬೇಕಾದ ಲಂಬಕೋನ ಬರುವುದು ಸ್ಪರ್ಶಕ ತ್ರಿಜ್ಯಕ್ಕೆ ಲಂಬ ಎಂಬ ಹಿಂದಿನ ಪ್ರಮೇಯದಿಂದ. ಈ ಕೊಂಡಿಗಳನ್ನು ಕಂಡ ಮಗು ಅಕ್ಷರ ಮರೆತರೂ ಸಾಧನೆಯನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

ಈ ಭಾನುವಾರ ಮಾಡಲು ಒಂದು ಕೆಲಸ. ಎಂಥದಾದರೂ ಒಂದು ಚತುರ್ಭುಜ ಬರೆಯಿರಿ, ಎಷ್ಟು ಸೊಟ್ಟಗಾದರೂ ಸರಿ. ನಾಲ್ಕೂ ಬಾಹುಗಳ ಮಧ್ಯಬಿಂದು ಗುರುತಿಸಿ, ಕ್ರಮವಾಗಿ ಸೇರಿಸಿ. ಒಳಗೆ ಸಿಗುವುದು ಸಮಾಂತರ ಚತುರ್ಭುಜ, ಪ್ರತಿ ಸಲವೂ. ಫ್ರಾನ್ಸಿನ ವರಿಗ್ನಾನ್‌ನ ಹೆಸರಿನಲ್ಲಿರುವ ಈ ಪ್ರಮೇಯ ಅಚ್ಚಾದದ್ದು 1731ರಲ್ಲಿ, ಅವನು ತೀರಿಕೊಂಡ ಮೇಲೆ. ಯಾಕೆ ಹಾಗೆ ಎಂದು ಸಾಧಿಸಲು ಒಂಬತ್ತನೇ ತರಗತಿಯ ಮಧ್ಯಬಿಂದು ಪ್ರಮೇಯ ಸಾಕು: ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ರೇಖೆ ಮೂರನೇ ಬಾಹುವಿಗೆ ಸಮಾಂತರ, ಅದರ ಅರ್ಧದಷ್ಟು. ನಿಮ್ಮ ಹಾಳೆಯಲ್ಲಿ ಇರುವುದು ಚತುರ್ಭುಜ, ಬೇಕಿರುವುದು ತ್ರಿಭುಜ. ಎಳೆಯಬೇಕಾದ ಚುಕ್ಕೆ ಗೆರೆ ಒಂದೇ.